ಎರೆಭೂಮಿಯ ಸತ್ವಪರೀಕ್ಷೆ

ಒಲೆಯ ಮೇಲಿನ ಅನ್ನವು ಬೆಂದಿತೋ ಇಲ್ಲವೋ ಎಂಬುದನ್ನು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಪಂಡಿತರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದು ಕರೆಯುವರು. ಆದರೆ ಈ ನ್ಯಾಯವು ಅಡಿಗೆಮನೆಯ ಹೊಸ್ತಿಲನ್ನು ದಾಟಿ ಹೊಲಕ್ಕೆ ಬಂದೊಡನೆ ಕೆಡುತ್ತದೆ. ಏತಕ್ಕೆಂದರೆ, ಪಾತ್ರೆಯೊಳಗಿನ ಅಕ್ಕಿಯೆಲ್ಲವೂ ಒಂದೇ ನೀರಿನಲ್ಲಿ ಒಂದೇ ಬೆಂಕಿಗೆ ಕುದಿದದ್ದು. ಹೊಲದ ಮಣ್ಣನ್ನಾದರೋ ಯಾರೂ ಸೌಟಿನಿಂದ ಕಲಸಿಟ್ಟಿಲ್ಲ. ಒಂದು ಮೂಲೆಯಲ್ಲಿ ಹಿಂದಿನ ವರ್ಷ ತಿಪ್ಪೆಯ ರಾಶಿ ಇದ್ದಿರಬಹುದು. ಮತ್ತೊಂದು ಮೂಲೆಯಲ್ಲಿ ಮಳೆಯ ನೀರು ಬದುವನ್ನು ಒಡೆದು ಮೇಲುಮಣ್ಣನ್ನು ಕೊಚ್ಚಿಕೊಂಡು ಹೋಗಿರಬಹುದು. ಹೊಲದ ಸತ್ವವನ್ನು ಅಳೆಯಹೊರಟವನು ಎದುರಿಸಬೇಕಾದ ಮೊದಲನೆಯ ಕಷ್ಟವು ಇದೇ. ಈ ಕಷ್ಟವು ಮಳೆ ಕಡಿಮೆಯಾದ ಸೀಮೆಯಲ್ಲಿ ಇಮ್ಮಡಿಯಾಗುವುದೇಕೆ ಎಂಬುದನ್ನು ವಿಜಯಪುರದ ಸೀಮೆಯನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸುವೆವು.

ವಿಜಯಪುರ ನಗರಕ್ಕೆ ಸಮೀಪದಲ್ಲಿ ಇಟ್ಟಂಗಿಹಾಳವೆಂಬ ಗ್ರಾಮವಿದೆ. ಹೆಸರಿನಲ್ಲಿ ಇಟ್ಟಂಗಿ ಇದ್ದರೂ ನಮಗೆ ಬೇಕಾದದ್ದು ಸುಟ್ಟ ಮಣ್ಣಲ್ಲ, ಸುಡದ ಮಣ್ಣು. ಈ ಗ್ರಾಮವೂ, ಇದರ ನೆರೆಯ ತಿಕೋಟಾ, ಬಬಲೇಶ್ವರಗಳ ಸೀಮೆಯೂ ದಖ್ಖನಿನ ಕಪ್ಪುಕಲ್ಲಿನ ಪ್ರಸ್ತರದ ಮೇಲೆ ನಿಂತಿವೆ. ಪುರಾತನ ಕಾಲದಲ್ಲಿ ಭೂಗರ್ಭದಿಂದ ಉಕ್ಕಿ ಹರಿದು ಗಟ್ಟಿಯಾದ ಈ ಕಲ್ಲು ಶಿಥಿಲವಾಗಿ ಎರೆಮಣ್ಣಾಗಿದೆ. ವರ್ಷಕ್ಕೆ ಬೀಳುವ ಮಳೆಯು ಸರಾಸರಿಯಲ್ಲಿ 600 ಮಿಲಿಮೀಟರನ್ನು ಮುಟ್ಟುವುದು ಕಷ್ಟ. ಅದರಲ್ಲಿಯೂ ಬಹುಭಾಗವು ಭಾದ್ರಪದ ಆಶ್ವಯುಜಗಳ ಸುಮಾರಿಗೆ ಬರುವಂಥದು. ಆದಕಾರಣ ಇಲ್ಲಿಯ ಒಕ್ಕಲಿಗನು ಮುಂಗಾರಿನಲ್ಲಿ ಆಳವಾದ ಎರೆಹೊಲವನ್ನು ಬಿತ್ತದೆ ಹರಗಿ ಕಾದಿಟ್ಟುಕೊಂಡು, ಮಣ್ಣು ನೀರು ಕುಡಿದ ಮೇಲೆ ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತುವನು. ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೈರು ಬದುಕುವುದು ಮಣ್ಣು ಕೂಡಿಟ್ಟ ಹಸಿಯಿಂದ. ಎತ್ತರದ ದಿಣ್ಣೆಗಳಲ್ಲಿರುವ ಮಡ್ಡಿಯ ಹೊಲಗಳ ಕಥೆ ಬೇರೆ. ಅಲ್ಲಿ ಒಂದು ಗೇಣು ಅಗೆಯುವಷ್ಟರಲ್ಲಿಯೇ ಗುದ್ದಲಿಗೆ ಗರಸು ತಾಕುವುದುಂಟು.

ಈ ನಾಡಿನ ಮಣ್ಣನ್ನು ಶಾಸ್ತ್ರೀಯವಾಗಿ ನೋಡುವ ಪ್ರಯತ್ನವು ಹೊಸದಲ್ಲ. 1928ರಲ್ಲಿ ವರದಿಯನ್ನೊಪ್ಪಿಸಿದ ರಾಯಲ್ ಕೃಷಿ ಆಯೋಗದ ತರುವಾಯ, 1930ರ ದಶಕದಲ್ಲಿ, ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ ಮತ್ತು ರೋಹತಕಗಳಲ್ಲಿ ಖುಷ್ಕಿ ಬೇಸಾಯದ ಸಂಶೋಧನ ಕೇಂದ್ರಗಳು ಏರ್ಪಟ್ಟವು. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆಯೆಂಬುದನ್ನು ಗಮನಿಸಬೇಕು. ಅಂದಿನ ಕೆಲಸದ ಸಾರವನ್ನು ಎನ್. ವಿ. ಕಾನಿಟ್ಕರ್ ಅವರು 1944ರಲ್ಲಿ ಪ್ರಕಟವಾದ ಭಾರತದ ಒಣಬೇಸಾಯದ ಮೇಲಿನ ಗ್ರಂಥದಲ್ಲಿ ಸಂಗ್ರಹಿಸಿದರು. ಬದು ಹಾಕುವುದು, ಮೇಲಿಂದ ಮೇಲೆ ಹರಗುವುದು, ಬೀಜವನ್ನು ಕಡಿಮೆ ಮಾಡಿ ಸಾಲುಗಳನ್ನು ದೂರವಿಡುವುದು ಮೊದಲಾದ ಅಂದಿನ ಸಲಹೆಗಳೆಲ್ಲವೂ ನೀರಿನ ಸಲುವಾಗಿ ಹೇಳಿದವು. ಗೊಬ್ಬರದ ಮಾತು ಅಲ್ಲಿ ಎರಡನೆಯದು. ಇಂದು ವಿಜಯಪುರದ ಬಳಿ ಹಿಟ್ಟಿನಹಳ್ಳಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರವೂ ಮಹಾವಿದ್ಯಾಲಯವೂ ಈ ಕೆಲಸವನ್ನು ಮುಂದುವರಿಸಿವೆ.

ಈಗ ಒಕ್ಕಲಿಗನ ಕೈಗೆ ಬಂದಿರುವ ಹೊಸ ಸಾಧನವೆಂದರೆ ಮಣ್ಣು ಆರೋಗ್ಯ ಚೀಟಿ. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾದ ಈ ಯೋಜನೆಯ ಚೀಟಿಯಲ್ಲಿ ಹನ್ನೆರಡು ಅಂಶಗಳು ಇರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತುವು, ಕಬ್ಬಿಣ, ತಾಮ್ರ, ಮ್ಯಾಂಗನೀಸು, ಬೋರಾನು. ಯೋಜನೆಯು ಉತ್ತಮವಾದುದು. ಆದರೆ ಅದರ ಮೊದಲ ಸುತ್ತುಗಳ ನಿಯಮದಂತೆ ನೀರಾವರಿ ಭೂಮಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಭೂಮಿಯಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿಯನ್ನು ತೆಗೆಯುತ್ತಿದ್ದರು. ಹತ್ತು ಹೆಕ್ಟೇರೆಂದರೆ ಸುಮಾರು ಇಪ್ಪತ್ತೈದು ಎಕರೆ. ಅಷ್ಟರಲ್ಲಿ ನಾಲ್ಕೈದು ಮನೆತನಗಳ ಹೊಲಗಳು ಸೇರಿರಬಹುದು. ಒಬ್ಬನದು ಆಳವಾದ ಎರೆ, ಇನ್ನೊಬ್ಬನದು ಮಡ್ಡಿ, ಮತ್ತೊಬ್ಬನದು ಹಳ್ಳದ ದಂಡೆಯ ಸವಳು ಆಗಿರಬಹುದು. ಎಲ್ಲರಿಗೂ ಒಂದೇ ಅಂಕಿ ದೊರೆಯುವುದು. ಒಂದು ಹೆಕ್ಟೇರಿನ ಹದಿನೈದು ಸೆಂಟಿಮೀಟರು ಆಳದ ಮೇಲುಮಣ್ಣು ಸ್ಥೂಲವಾಗಿ 20 ಲಕ್ಷ ಕಿಲೋಗ್ರಾಂ ತೂಗುವುದು. ಹತ್ತು ಹೆಕ್ಟೇರಿಗೆ 2 ಕೋಟಿ. ಪ್ರಯೋಗಶಾಲೆಗೆ ಹೋಗುವುದು ಅರ್ಧ ಕಿಲೋಗ್ರಾಂ. ಅದರಲ್ಲಿಯೂ ರಂಜಕವನ್ನು ಅಳೆಯಲು ರಸಾಯನಜ್ಞನು ತೂಗಿಕೊಳ್ಳುವುದು ಕೇವಲ ಎರಡೂವರೆ ಗ್ರಾಂ. ಚಿಟಿಕೆ ಮಣ್ಣು ಎರಡು ಕೋಟಿ ಕಿಲೋಗ್ರಾಮಿನ ಪರವಾಗಿ ಸಾಕ್ಷಿ ನುಡಿಯಬೇಕಾದಾಗ, ಸಾಕ್ಷಿಯನ್ನು ಎಲ್ಲಿಂದ ಕರೆತಂದರೆಂಬುದೇ ಮುಖ್ಯ ಪ್ರಶ್ನೆ. ಆದುದರಿಂದ ಹಣ ಹಾಕಿ ಗೊಬ್ಬರವನ್ನು ಕೊಳ್ಳುವ ಒಕ್ಕಲಿಗನು ತನ್ನ ಹೊಲದ ಮಾದರಿಯನ್ನು ತಾನೇ ತೆಗೆದು ಬೇರೆಯಾಗಿ ಪರೀಕ್ಷೆಗೆ ಕೊಡುವುದು ಲೇಸೆಂದು ನಮ್ಮ ಅಭಿಪ್ರಾಯ.

ಮಾದರಿಯನ್ನು ತೆಗೆಯಲು ತಕ್ಕ ಕಾಲವೆಂದರೆ ಹಿಂಗಾರಿಯ ರಾಶಿ ಮುಗಿದು, ಹೊಲಕ್ಕೆ ಗೊಬ್ಬರ ಬೀಳುವುದಕ್ಕೆ ಮುಂಚೆ ಬರುವ ಬೇಸಗೆ. ಮೊದಲು ಹೊಲವನ್ನು ಸುತ್ತಿ ನೋಡಿ, ಬಣ್ಣ, ಇಳಿಜಾರು, ಆಳ ಇವು ಬದಲಾಗುವಲ್ಲಿ ಅದನ್ನು ಭಾಗಗಳಾಗಿ ಭಾವಿಸಿಕೊಳ್ಳತಕ್ಕದ್ದು. ಒಂದೊಂದು ಭಾಗಕ್ಕೂ ಒಂದೊಂದು ಮಾದರಿ. ಬದುವಿನ ಮಗ್ಗುಲು, ಬೇವು ಬನ್ನಿ ಜಾಲಿಗಳ ನೆರಳು, ಬಂಡಿಯ ದಾರಿ, ಕಣವಿದ್ದ ಸ್ಥಳ, ತಿಪ್ಪೆ ಸುರಿದಿದ್ದ ಜಾಗ, ಕುರಿಮಂದೆ ತಂಗಿದ್ದ ಮೂಲೆ, ಇವನ್ನು ಬಿಡಬೇಕು. ಒಂದು ರಾತ್ರಿ ಕುರಿಮಂದೆ ತಂಗಿದ ನೆಲವು ಹೊಲದ ಉಳಿದ ಭಾಗದ ಮಾತನ್ನು ಹೇಳಲಾರದು. ಉಳಿದ ನೆಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆಯುತ್ತ ಹದಿನೈದು ಇಪ್ಪತ್ತು ಕಡೆ ಮೇಲಿನ ಕಸಕಡ್ಡಿಯನ್ನು ಸರಿಸಿ, ಗೇಣಿಗಿಂತ ತುಸು ಕಡಿಮೆಯಾಗಿ, ಎಂದರೆ ಹದಿನೈದು ಸೆಂಟಿಮೀಟರು ಆಳಕ್ಕೆ, ಇಕ್ಕಟ್ಟಾಗುತ್ತ ಹೋಗುವ ಕುಳಿಯನ್ನು ತೋಡಿ, ಅದರ ಒಂದು ಮಗ್ಗುಲಿನಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪನೆಯ ಹೋಳನ್ನು ಕೊಯ್ಯಬೇಕು. ಎಲ್ಲವನ್ನೂ ಸೇರಿಸಿ, ಹೆಂಟೆ ಒಡೆದು, ಕಲಸಿ, ವೃತ್ತಾಕಾರವಾಗಿ ಹರವಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲುಗಳನ್ನು ತೆಗೆದುಹಾಕಬೇಕು. ಅರ್ಧ ಕಿಲೋಗ್ರಾಂ ಉಳಿಯುವವರೆಗೆ ಹೀಗೆ ಮಾಡಿ, ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ತುಂಬುವುದು.

ಎರೆಭೂಮಿಗೆ ಮಾತ್ರ ಅನ್ವಯಿಸುವ ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಬೇಸಗೆಯಲ್ಲಿ ಈ ಮಣ್ಣು ಕುಗ್ಗಿ ಕೈ ಹಿಡಿಸುವಷ್ಟು ಅಗಲವಾದ ಬಿರುಕುಗಳನ್ನು ಬಿಡುತ್ತದೆ. ಮೇಲಿನ ಹುಡಿಮಣ್ಣು ಆ ಬಿರುಕುಗಳೊಳಕ್ಕೆ ಬೀಳುವುದು. ಮಳೆ ಬಂದಾಗ ಮಣ್ಣು ಉಬ್ಬಿ ಕೆಳಗಿನದನ್ನು ಮೇಲಕ್ಕೆ ನೂಕುವುದು. ಎರೆಯು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ಬಿರುಕಿನ ಅಂಚಿನಲ್ಲಿ ತೋಡಿದವನಿಗೆ ಹದಿನೈದು ಸೆಂಟಿಮೀಟರಿನ ಲೆಕ್ಕವು ತಪ್ಪುವುದು. ಬಿರುಕಿನಿಂದ ಒಂದು ಮೊಳ ದೂರದಲ್ಲಿಯಾದರೂ ಕುಳಿ ತೋಡಬೇಕು. ಇನ್ನೊಂದು: ಸತುವಿನ ಲೇಪವಿರುವ ತಗಡಿನ ಬಕೀಟಿನಲ್ಲಿ ಮಣ್ಣನ್ನು ಕಲಸಿದರೆ ಬಕೀಟಿನ ಸತುವು ಹೊಲದ ಲೆಕ್ಕಕ್ಕೆ ಜಮೆಯಾಗುವ ಭಯವಿದೆ. ಇದು ಹಾಸ್ಯವಲ್ಲ. ಸತುವಿನ ವಿಷಯದಲ್ಲಿ ಕೊರತೆಯೋ ಸಾಕೋ ಎಂಬುದನ್ನು ನಿರ್ಣಯಿಸುವ ಗಡಿಯು ಹತ್ತು ಲಕ್ಷಕ್ಕೆ 0.6 ಭಾಗ, ಎಂದರೆ ಒಂದು ಹೆಕ್ಟೇರಿನ 20 ಲಕ್ಷ ಕಿಲೋಗ್ರಾಂ ಮಣ್ಣಿನಲ್ಲಿ 1.2 ಕಿಲೋಗ್ರಾಂ ಮಾತ್ರ. ಪ್ಲಾಸ್ಟಿಕ್ಕಿನ ಬುಟ್ಟಿ ಬಳಸಿ, ತುಕ್ಕು ಹಿಡಿದ ಸಲಿಕೆಯನ್ನು ದೂರವಿಡಬೇಕು.

ಇನ್ನು ಪ್ರಯೋಗಶಾಲೆಯ ಮಾತು. ಮಣ್ಣಿನಲ್ಲಿ ಒಂದು ಪೋಷಕಾಂಶವು ಎಷ್ಟಿದೆಯೆಂಬುದು ಒಂದು ಪ್ರಶ್ನೆ, ಬೆಳೆಯ ಬೇರಿಗೆ ಎಷ್ಟು ಸಿಕ್ಕೀತೆಂಬುದು ಇನ್ನೊಂದು ಪ್ರಶ್ನೆ. ಪೆಟ್ಟಿಗೆಯಲ್ಲಿರುವ ಹಣವೆಲ್ಲ ಸಂತೆಯ ದಿನ ಕೈಗೆ ಬರುವುದಿಲ್ಲವಷ್ಟೆ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲು ರಸಾಯನಜ್ಞರು ಬೇರಿನ ಕೆಲಸವನ್ನು ಅನುಕರಿಸುವ ದ್ರಾವಣಗಳನ್ನು ಕಂಡುಹಿಡಿದರು. ಮಲೆನಾಡಿನ ಆಮ್ಲೀಯ ಕೆಂಪುಮಣ್ಣಿಗೆ 1945ರಲ್ಲಿ ಬ್ರೇ ಎಂಬವರು ಸೂಚಿಸಿದ ದ್ರಾವಣವು ಹೊಂದುವುದು. ಸುಣ್ಣ ತುಂಬಿದ ಎರೆಮಣ್ಣಿಗೆ ಅದನ್ನು ಹಾಕಿದರೆ ಸುಣ್ಣವು ಆಮ್ಲವನ್ನು ನುಂಗಿ ಲೆಕ್ಕವನ್ನೇ ಕೆಡಿಸುವುದು. ಆದುದರಿಂದ ಇಲ್ಲಿ 1954ರಲ್ಲಿ ಓಲ್ಸನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸೋಡಿಯಂ ಬೈಕಾರ್ಬೊನೇಟಿನ ದ್ರಾವಣವನ್ನು ಬಳಸುವರು. ಯಾವ ವಿಧಾನದಿಂದ ಅಳೆದರೆಂಬುದನ್ನು ಕೇಳಿ ತಿಳಿಯದೆ ಎರಡು ಊರಿನ ಎರಡು ಅಂಕಿಗಳನ್ನು ಹೋಲಿಸುವುದು ಸೇರನ್ನು ಮೊಳದೊಡನೆ ಹೋಲಿಸಿದಂತೆ.

ಈ ಸೀಮೆಯ ಎರೆಮಣ್ಣಿನ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕಾಣುವ ರೂಪವೆಂದರೆ, ರಸಸಾರವು 8ಕ್ಕೆ ಮೇಲೆ, ಸಾರಜನಕವು ಕಡಿಮೆ, ರಂಜಕವು ಕಡಿಮೆಯಿಂದ ಮಧ್ಯಮ, ಪೊಟ್ಯಾಷ್ ಹೇರಳ. ಪೊಟ್ಯಾಷಿನ ವಿಷಯ ಬೇಗ ಮುಗಿಯುವುದು: ಕಪ್ಪುಕಲ್ಲಿನಿಂದ ಹುಟ್ಟಿದ ಜೇಡಿಯೇ ಅದನ್ನು ಹಿಡಿದಿಟ್ಟುಕೊಂಡಿದೆ; ಮಳೆಯ ಜೋಳಕ್ಕೆ ಅದನ್ನು ಕೊಂಡು ಹಾಕುವುದು ಅನಾವಶ್ಯಕ ವೆಚ್ಚ. ಸಾರಜನಕದ ಕಥೆ ಹಾಗಲ್ಲ. ಹೆಕ್ಟೇರಿಗೆ 280 ಕಿಲೋಗ್ರಾಮಿಗಿಂತ ಕಡಿಮೆಯಿದ್ದರೆ ಕಡಿಮೆಯೆಂದೂ, ಸಾವಯವ ಇಂಗಾಲವು ನೂರಕ್ಕೆ ಅರ್ಧಕ್ಕಿಂತ ಕಡಿಮೆಯಿದ್ದರೆ ಕಡಿಮೆಯೆಂದೂ ಎಣಿಸುವರು. ಬೇಸಗೆಯ ಉರಿಯಲ್ಲಿ ಮಣ್ಣಿನ ಸಾವಯವ ದ್ರವ್ಯವು ಬೇಗನೆ ಕರಗುವುದು. ಜೋಳದ ಕಣಿಕೆಯು ದನಕ್ಕೆ, ದನದ ಸೆಗಣಿಯ ಒಂದು ಪಾಲು ಕುಳ್ಳಾಗಿ ಒಲೆಗೆ. ಹೊಲಕ್ಕೆ ಮರಳುವುದು ಅಲ್ಪ. ಮಣ್ಣು ಕಪ್ಪಾಗಿರುವುದರಿಂದ ಅದರಲ್ಲಿ ಗೊಬ್ಬರದ ಅಂಶ ಹೆಚ್ಚಿದೆಯೆಂದು ಬಗೆಯುವವರಿದ್ದಾರೆ. ಎರೆಯ ಕಪ್ಪು ಬಹುಮಟ್ಟಿಗೆ ಅದರ ಜೇಡಿಯ ಬಣ್ಣ. ಅದು ಸತ್ವದ ಗುರುತಲ್ಲ. ಯೂರಿಯಾವನ್ನು ಕೊಡುವುದಾದರೂ ಮೇಲೆ ಎರಚಿದರೆ ಸುಣ್ಣದ ಮಣ್ಣಿನಲ್ಲಿ ಅದರ ಸಾರಜನಕವು ಅಮೋನಿಯಾ ಆಗಿ ಗಾಳಿಗೆ ಹೋಗುವುದು. ಕೂರಿಗೆಯಿಂದ ಹಸಿಯ ಮಣ್ಣಿನೊಳಕ್ಕೆ ಇಳಿಸಬೇಕು.

ಗಂಧಕ ಸತುವುಗಳ ಕೊರತೆಯು ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2009ರಲ್ಲಿ ಕರ್ನಾಟಕ ಸರ್ಕಾರವು ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯೊಡನೆ ಕೂಡಿ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣುಪರೀಕ್ಷೆಗಳಲ್ಲಿ ಗಂಧಕ, ಸತುವು, ಬೋರಾನುಗಳ ಅಭಾವವು ಖುಷ್ಕಿ ಜಿಲ್ಲೆಗಳಲ್ಲಿ ವ್ಯಾಪಕವಾಗಿದೆಯೆಂಬುದು ಬೆಳಕಿಗೆ ಬಂತು. ಗಂಧಕದ ಅಭಾವಕ್ಕೆ ಒಂದು ಕಾರಣವು ಅಂಗಡಿಯಲ್ಲಿಯೇ ಇದೆ. ಹಿಂದೆ ಹಾಕುತ್ತಿದ್ದ ಸೂಪರ್ ಫಾಸ್ಫೇಟಿನಲ್ಲಿ ರಂಜಕದ ಸಂಗಡ ನೂರಕ್ಕೆ ಹನ್ನೊಂದರಷ್ಟು ಗಂಧಕವೂ ಬರುತ್ತಿತ್ತು. ಅದರ ಸ್ಥಾನಕ್ಕೆ ಡಿ.ಎ.ಪಿ. ಬಂದ ಮೇಲೆ ಆ ಗಂಧಕವು ನಿಂತಿತು. ಕುಸುಬೆ, ಶೇಂಗಾ, ಸೂರ್ಯಕಾಂತಿಗಳಂಥ ಎಣ್ಣೆಕಾಳಿಗೆ ಗಂಧಕವು ಬೇಕೇ ಬೇಕು. ಸತುವಿನ ವಿಷಯದಲ್ಲಿ ಲೆಕ್ಕವು ಸಮಾಧಾನಕರವಾಗಿದೆ: ಹೆಕ್ಟೇರಿಗೆ 25 ಕಿಲೋಗ್ರಾಂ ಸತುವಿನ ಸಲ್ಫೇಟು ಹಾಕಿದರೆ ಸುಮಾರು 5 ಕಿಲೋಗ್ರಾಂ ಸತುವು ದೊರೆತು, ಅದರ ಗುಣವು ಎರಡು ಮೂರು ಬೆಳೆಗಳವರೆಗೆ ಉಳಿಯುವುದು. ಪ್ರತಿವರ್ಷವೂ ಹಾಕಿಸುವ ವ್ಯಾಪಾರಿಯ ಮಾತನ್ನು ಕೇಳಬೇಕಾದ್ದಿಲ್ಲ.

ಇಷ್ಟೆಲ್ಲವೂ ಚೀಟಿಯಲ್ಲಿರುವ ಸಂಗತಿ. ಖುಷ್ಕಿಯ ಒಕ್ಕಲಿಗನು ಅದರಲ್ಲಿಲ್ಲದ ಎರಡು ಸಾಲುಗಳನ್ನು ತನ್ನ ಕೈಯಿಂದಲೇ ಬರೆದುಕೊಳ್ಳಬೇಕು; ಅವಿಲ್ಲದೆ ಹನ್ನೆರಡು ಅಂಕಿಗಳೂ ಅರೆಬರೆ.

ಮೊದಲನೆಯದು ಆಳ. ಒಂದು ಮೀಟರು ಆಳವಾದ ಒಳ್ಳೆಯ ಎರೆಮಣ್ಣು ಬೆಳೆಗೆ ದೊರಕುವಂತೆ ಸುಮಾರು 150ರಿಂದ 200 ಮಿಲಿಮೀಟರು ನೀರನ್ನು ಕೂಡಿಟ್ಟುಕೊಳ್ಳಬಲ್ಲುದು. ಮೂವತ್ತು ಸೆಂಟಿಮೀಟರಿಗೆ ಗರಸು ತಾಕುವ ಮಡ್ಡಿಯು ಅದರ ಮೂರನೆಯ ಒಂದು ಪಾಲನ್ನೂ ಹಿಡಿಯುವುದು ಕಷ್ಟ. ಎರಡು ಹೊಲಗಳ ಚೀಟಿಯಲ್ಲಿಯೂ ಸಾರಜನಕ 200 ಎಂದಿರಲಿ. ಆಳದ ಹೊಲದಲ್ಲಿ ಕೊಟ್ಟ ಗೊಬ್ಬರವು ಕಾಳಾಗುವುದು. ಮಡ್ಡಿಯಲ್ಲಿ ಅದೇ ಗೊಬ್ಬರದಿಂದ ಪೈರು ಮೊದಲು ಸೊಕ್ಕಿ ಬೆಳೆದು, ಎಲೆಯ ಮೂಲಕ ಹಸಿಯನ್ನೆಲ್ಲ ಬೇಗನೆ ಕುಡಿದು ಮುಗಿಸಿ, ತೆನೆ ಕಟ್ಟುವ ಹೊತ್ತಿಗೆ ಬಾಯಾರಿ ನಿಲ್ಲುವುದು. ಗೊಬ್ಬರ ನೀರುಗಳು ಜೋಡೆತ್ತುಗಳಂತೆ ಎಳೆಯದೆ, ಎತ್ತು ಏರಿಗೂ ಕೋಣ ನೀರಿಗೂ ಎಳೆದಂತೆ ಆಗುವುದು. ಬರದ ವರ್ಷದಲ್ಲಿ ಸಾಲ ಮಾಡಿ ಗೊಬ್ಬರ ಹಾಕಿದವನು ಹಾಕದವನಿಗಿಂತ ಹೆಚ್ಚಾಗಿ ನೊಂದುದನ್ನು ಕಂಡು, ಗೊಬ್ಬರವೇ ಉಷ್ಣವೆಂದು ಈ ಸೀಮೆಯ ಮುದುಕರು ಹೇಳಿದರೆ, ಅವರ ಅನುಭವವು ಸರಿಯೇ, ಕಾರಣವು ಆಳದಲ್ಲಿದೆ. ಆಳವನ್ನು ತಿಳಿಯಲು ಪ್ರಯೋಗಶಾಲೆ ಬೇಡ. ಮಾದರಿ ತೆಗೆದ ದಿನವೇ ಹೊಲದ ಎರಡು ಮೂರು ಕಡೆ ಗರಸು ಅಥವಾ ಸುಣ್ಣದ ಹರಳಿನ ಪದರ ಸಿಕ್ಕುವವರೆಗೆ ಅಗೆದು, ಅಳೆದು, ಚೀಟಿಯ ಬೆನ್ನ ಮೇಲೆ ಬರೆದಿಟ್ಟರಾಯಿತು. ಅದು ಪ್ರತಿವರ್ಷ ಬದಲಾಗುವ ಅಂಕಿಯೂ ಅಲ್ಲ.

ಎರಡನೆಯದು ಸೋಡಿಯಂ. ಇದರ ಮಾತನ್ನು ಈಗ ಎತ್ತಲು ವಿಶೇಷ ಕಾರಣವಿದೆ. ಕೃಷ್ಣೆಯ ನೀರನ್ನು ಎತ್ತಿ ತರುವ ಮುಳವಾಡ ಮತ್ತು ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದಲೂ ಕೊಳವೆಬಾವಿಗಳಿಂದಲೂ ಈ ಸೀಮೆಯ ಎಷ್ಟೋ ಹೊಲಗಳು ತೋಟಗಳಾಗಿವೆ. ತಿಕೋಟಾ ಕಡೆಯ ದ್ರಾಕ್ಷಿಯೂ ಒಣದ್ರಾಕ್ಷಿಯೂ ದೂರದ ಪೇಟೆಗಳಲ್ಲಿ ಹೆಸರಾಗಿವೆ. ನೀರಿಗಾಗಿ ಬಾಯಿ ಬಿಟ್ಟಿದ್ದ ನೆಲಕ್ಕೆ ನೀರು ಬಂದದ್ದು ಸಂತೋಷದ ಸಂಗತಿ. ಆದರೆ ಎರೆಮಣ್ಣಿನೊಳಗೆ ನೀರು ಇಳಿಯುವುದು ನಿಧಾನ, ಬಸಿದುಹೋಗುವುದು ಇನ್ನೂ ನಿಧಾನ. ನೀರು ಆವಿಯಾಗಿ ಹೋದಾಗ ಉಪ್ಪು ಹಿಂದೆ ಉಳಿಯುವುದು. ಇದರ ಪರಿಣಾಮವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಡೋಣಿ ನದಿಯ ಕಣಿವೆಯಲ್ಲಿ, ನೀರೇ ಉಪ್ಪಾಗಿರುವ ಸೀಮೆಯಲ್ಲಿ, ಸವಳಾದ ಹೊಲಗಳಿವೆ. ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ಪಡೆದ ಕಣಿವೆಯೇ ಅದು.

ಚೀಟಿಯಲ್ಲಿನ ಲವಣಾಂಶವು ಒಟ್ಟು ಉಪ್ಪನ್ನು ಮಾತ್ರ ತಿಳಿಸುವುದು. ಜೇಡಿಗೆ ಅಂಟಿಕೊಂಡಿರುವ ಸೋಡಿಯಮ್ಮಿನ ಪ್ರಮಾಣವನ್ನು ತಿಳಿಸುವುದಿಲ್ಲ. ಆ ಪ್ರಮಾಣವು ನೂರಕ್ಕೆ 15ನ್ನು ಮೀರಿದರೆ ಭೂಮಿಯು ಕ್ಷಾರವಾಯಿತೆಂಬುದು ಪುಸ್ತಕದ ನಿಯಮ. ಉಬ್ಬಿ ಕುಗ್ಗುವ ಎರೆಯಲ್ಲಿ ಅದಕ್ಕೆ ಬಹಳ ಮೊದಲೇ ಕೆಡುಕು ತೋರುವುದು. ಸೋಡಿಯಂ ಹೆಚ್ಚಾದ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದರಿ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಆಗ ನೀರು ಮೇಲೆಯೇ ನಿಲ್ಲುವುದು, ಬೇರು ಉಸಿರುಕಟ್ಟುವುದು. ಇದನ್ನು ಮನೆಯಲ್ಲಿಯೇ ಒಂದಿಷ್ಟು ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ಮಳೆಯ ನೀರನ್ನು ತುಂಬಿ, ಕಡಲೆಯ ಗಾತ್ರದ ಒಣ ಹೆಂಟೆಯನ್ನು ಮೆಲ್ಲಗೆ ಇಳಿಬಿಟ್ಟು, ಅಲುಗಿಸದೆ ರಾತ್ರಿಯೆಲ್ಲ ಇಡಬೇಕು. ಹೆಂಟೆ ಒಡೆದು ಕುಸಿದು ಸುತ್ತಲ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಹೆಂಟೆಯ ಸುತ್ತ ಹಾಲಿನಂಥ ಮಸುಕು ಹರಡಿ ಬೆಳಗಾದರೂ ತಿಳಿಯದಿದ್ದರೆ ಸೋಡಿಯಮ್ಮಿನ ಸಂಶಯಪಟ್ಟು ಜಿಪ್ಸಮಿನ ಅಗತ್ಯವನ್ನು ಪ್ರಯೋಗಶಾಲೆಯಲ್ಲಿ ಕೇಳಿ ತಿಳಿಯಬೇಕು. ಕೊಳವೆಬಾವಿಯ ನೀರಿನಲ್ಲಿ ಈ ಪರೀಕ್ಷೆಯನ್ನು ಮಾಡಬಾರದು. ಆ ನೀರಿನ ಉಪ್ಪೇ ಜೇಡಿಯನ್ನು ಹಿಡಿದಿಟ್ಟು ರೋಗವನ್ನು ಮರೆಮಾಡುವುದು. ಮಣ್ಣಿನಲ್ಲಿ ಸುಣ್ಣವು ಬೇಕಾದಷ್ಟಿರುವಾಗ ಜಿಪ್ಸಮೇಕೆಂದು ಕೇಳಬಹುದು. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಇಂಥ ಕ್ಷಾರದಲ್ಲಿ ಕರಗುವುದಿಲ್ಲ. ಜಿಪ್ಸಮಿನದು ಕರಗಿ ಸೋಡಿಯಮ್ಮನ್ನು ಹೊರದೂಡುವುದು. ದೂಡಿದ್ದನ್ನು ಹೊರಕ್ಕೆ ಒಯ್ಯಲು ಬಸಿಗಾಲುವೆಯೂ ಇರಬೇಕೆಂಬುದನ್ನು ಮರೆಯಲಾಗದು.

ದ್ರಾಕ್ಷಿ ದಾಳಿಂಬೆಗಳ ತೋಟಗಾರರು ಮೇಲುಮಣ್ಣಿನ ಮಾದರಿಯಿಂದ ತೃಪ್ತರಾಗದೆ, ಮೂವತ್ತು, ಅರುವತ್ತು, ತೊಂಬತ್ತು ಸೆಂಟಿಮೀಟರಿನವರೆಗಿನ ಪದರಗಳನ್ನು ಬೇರೆ ಬೇರೆ ಚೀಲಗಳಲ್ಲಿ ಕೊಡತಕ್ಕದ್ದು. ನೆಲದ ಮೇಲೆ ಬಿಳಿಯ ಪೊರೆ ಕಂಡರೆ ಅದನ್ನು ಕೆರೆದು ಪ್ರತ್ಯೇಕವಾಗಿ ಕಟ್ಟಬೇಕು. ಮಣ್ಣಿನ ಸಂಗಡ ನೀರನ್ನೂ ಪರೀಕ್ಷೆಗೆ ಒಯ್ಯುವುದು ಅವಶ್ಯ. ನೀರಿನಲ್ಲಿ ಉಳಿಕೆಯ ಸೋಡಿಯಂ ಕಾರ್ಬೊನೇಟು ಲೀಟರಿಗೆ ಒಂದೂಕಾಲು ಮಿಲಿ ಈಕ್ವಿವಲೆಂಟಿಗಿಂತ ಕಡಿಮೆಯಿದ್ದರೆ ಅಪಾಯವಿಲ್ಲ. ಎರಡೂವರೆಯನ್ನು ಮೀರಿದರೆ ಅದು ಎರೆಗೆ ತಕ್ಕ ನೀರಲ್ಲ. ಪಂಪನ್ನು ಅರ್ಧ ಗಂಟೆ ಓಡಿಸಿದ ಮೇಲೆ, ಅದೇ ನೀರಿನಿಂದ ಸೀಸೆಯನ್ನು ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿ ಬಿರಡೆ ಹಾಕಿ, ಸರ್ವೆ ನಂಬರನ್ನೂ ಬಾವಿಯ ಆಳವನ್ನೂ ತಾರೀಖನ್ನೂ ಪೆನ್ಸಿಲಿನಿಂದ ಬರೆದು ಕಟ್ಟಿ, ಆ ದಿನವೇ ಅಥವಾ ಮರುದಿನವೇ ಮಣ್ಣಿನ ಚೀಲಗಳೊಡನೆ ಪ್ರಯೋಗಶಾಲೆಗೆ ಮುಟ್ಟಿಸತಕ್ಕದ್ದು.